ಬಿಲ ನೋಡಿ ಬರುವವಳು

ಸತ್ತ ಕಣಜದ ಮಡಚಿದ ಕಾಲನ್ನು ಕುಂಚದ ತುದಿಯಿಂದ ಮೆಲ್ಲಗೆ ಬಿಡಿಸುತ್ತಿದ್ದಳು. ಕೀಟ ಸಂಗ್ರಹಾಲಯದಲ್ಲಿ ಹದಿನೆಂಟು ವರ್ಷದಿಂದ ಕೀಟಗಳ ಹೆಸರಿನ ಚೀಟಿ ಬರೆಯುವ ಕೆಲಸ ಅವಳದು. ಸಾಸಿವೆಯಷ್ಟು ಅಕ್ಷರ, ಮೂರು ಸಲ ನೋಡದೆ ಒಂದನ್ನೂ ಕೈಬಿಟ್ಟವಳಲ್ಲ.

"ಏನ್ ಚೀಟಿ ಮೇಡಂ, ಕಣಜಕ್ಕೆ ಕಾಲು ಒತ್ತೋ ಸೇವೆನಾ?"

ಬಾಗಿಲಲ್ಲಿ ಅವನು. ಊರೂರು ಅಲೆದು ಕಣಜ ಹಿಡಿದು ತರುವವನು. ಕಿವಿಯ ಪಕ್ಕ ನರೆ, ಜೇಬಲ್ಲಿ ಸದಾ ಕೀಟ ಹಿಡಿದಿಡುವ ಒಂದು ಸೀಸೆ.

ಮೂರು ತಿಂಗಳ ಹಿಂದೆ ಅವನು ತಂದ ಕಣಜವೊಂದರ ಸೂಜಿಯಲ್ಲಿ, ತಾರೀಖಿನ ಚೀಟಿಯ ಕೆಳಗೆ ಇನ್ನೊಂದು ಚೀಟಿಯಿತ್ತು: 'ನನ್ನನ್ನು ಮದುವೆಯಾಗುತ್ತೀರಾ?' ಅಂದೇ ಉತ್ತರ ಬರೆದಳು. 'ಆಗುತ್ತೇನೆ' ಎಂಬ ಒಂದು ಮಾತಿಗೆ ಎರಡು ಪುಟ. ಅಳೆದೂ ಸುರಿದೂ ಹನ್ನೊಂದು ಸಲ ತಿದ್ದಿದಳು. ಲಕೋಟೆ ಇನ್ನೂ ಡ್ರಾಯರಿನಲ್ಲೇ, ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಕೂತಿತ್ತು.

"ನಾಳೆ ಹೊರಟೆ. ಎರಡು ವರ್ಷ ಬೆಟ್ಟದ ಕೆಲಸ. ಖಾಲಿ ಪೆಟ್ಟಿಗೆ ಸಂಜೆ ವ್ಯಾನಿಗೆ ಹಾಕಿಬಿಡಿ."

ಅವಳ ಕೈ ಡ್ರಾಯರಿನ ಹಿಡಿಗೆ ಹೋಯಿತು. ಬಾಯಿಗೆ ಬಂದದ್ದು ಬೇರೆ. ಕುಂಚದಿಂದ ಕಣಜ ತೋರಿಸಿ ಕೇಳಿದಳು, "ಇವಳು ಎಂಥವಳು?"

"ಈ ಕುಲದವರೆಲ್ಲ ಬಲು ಹುಷಾರು. ಜೇಡವನ್ನ ಕುಟುಕಿ ಮಲಗಿಸ್ತಾರೆ, ಎಲೆ ಮೇಲಿಟ್ಟು ಬಿಲ ಸರಿಯಿದೆಯಾ ಅಂತ ನೋಡೋಕೆ ಹೋಗ್ತಾರೆ. ಬರ್ತಾರೆ, ಜೇಡ ಮುಟ್ಟಿ ನೋಡ್ತಾರೆ, ಮತ್ತೆ ಹೋಗ್ತಾರೆ."

"ಹುಷಾರಾಗಿದ್ರೆ ತಪ್ಪೇನ್ರೀ?"

"ತಪ್ಪೇನಿಲ್ಲ. ಇವಳು ಏಳನೇ ಸಲ ಬರೋ ಹೊತ್ತಿಗೆ ಇರುವೆಗಳು ಜೇಡ ಹೊತ್ಕೊಂಡು ಹೋಗಿದ್ವು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಖಾಲಿ ಎಲೆ ಸುತ್ತ ಸುತ್ತಿದ್ದೇ ಸುತ್ತಿದ್ದು, ಪಾಪ."

ಅವನು ಅವಳನ್ನೇ ನೋಡಿದ. ಅವಳು ಕುಂಚವನ್ನು ನೋಡಿದಳು.

"ಮೂಗಿಗೆ ಮಸಿ ಹತ್ತಿದೆ."

ಅವಳು ಒರೆಸಿಕೊಂಡಳು.

"ಆ ಕಡೆ ಅಲ್ಲ, ಈ ಕಡೆ." ಅವನ ಕೈ ಮೇಲೆದ್ದಿತು, ಅರ್ಧ ದಾರಿಯಲ್ಲಿ ನಾಚಿ, ಜೇಬಿನ ಸೀಸೆ ಹಿಡಿದುಕೊಂಡಿತು. "ಬರ್ತೀನಿ ಮೇಡಂ."

ಸಂಜೆ ವ್ಯಾನಿನ ಹಾರ್ನ್ ಕೇಳಿಸಿತು. ಲಕೋಟೆ ತೆಗೆದಳು. 'ಒಂದೇ ಒಂದು ಸಲ ನೋಡಿಬಿಡಲೇ' ಎಂದು ಬೆರಳು ಅಂಚಿಗೆ ಹೋಯಿತು. ಖಾಲಿ ಎಲೆ ಕಣ್ಣಿಗೆ ಕಟ್ಟಿತು. ಪೆಟ್ಟಿಗೆಯ ತಳಕ್ಕೆ ಲಕೋಟೆಯಿಟ್ಟು, ಕಣಜಕ್ಕೆ ಚುಚ್ಚುವ ಸೂಜಿಯನ್ನೇ ಚುಚ್ಚಿ, ಮುಚ್ಚಳ ಹಾಕಿ ದಾರ ಬಿಗಿದಳು.

"ಖಾಲಿ ಪೆಟ್ಟಿಗೆ ತಾನೇ ಅಕ್ಕಾ? ಮೇಲೆ ಸಾಮಾನು ಹೇರ್ಲಾ?" ಎಂದ ಡ್ರೈವರ್.

"ಬೇಡಪ್ಪಾ, ತುಂಬಿದೆ. ಇವತ್ತೇ ಅವರ ಕೈಗೇ ಕೊಡು."

ವ್ಯಾನು ತಿರುವು ದಾಟಿತು. ಮೂಗಿನ ಮಸಿಯನ್ನು ಅವಳು ಒರೆಸಿಕೊಳ್ಳಲಿಲ್ಲ. ಒರೆಸುವವರು ಬರಲಿ.