ನಾಲ್ಕನೇ ಮಹಡಿಯ ಮೂರು ಗಾಜುಗಳು

ಮೇ ಆರನೇ ತಾರೀಖು, ಸೋಮವಾರ. ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ವಾಣಿಜ್ಯ ಕಟ್ಟಡವೊಂದರ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಬಂದು ಇನ್‌ಸ್ಪೆಕ್ಟರ್ ಎದುರಿಗೆ ಕೂತ.

"ಕಳ್ಳತನ ಆಗಿದೆ ಮೇಡಂ. ನಾಲ್ಕನೇ ಮಹಡೀಲಿ ಮೂರು ಕಿಟಕಿ ಬಿಚ್ಚಿಬಿಟ್ಟಿದ್ದಾರೆ."

"ಏನು ಹೋಗಿದೆ?"

"ಏನೂ ಹೋಗಿಲ್ಲ."

"ಮತ್ತೆ ಕಳ್ಳತನ ಅಂದ್ರಲ್ಲ?"

ಮ್ಯಾನೇಜರು ತಡವರಿಸಿದ. "ಗಾಜು ಅಲ್ಲೇ ಇವೆ, ಗೋಡೆಗೆ ಒರಗಿಸಿಟ್ಟಿದ್ದಾರೆ. ಆ ಮಹಡಿ ಆಫೀಸಿನವರು ಕಂಪ್ಲೇಂಟ್ ಕೊಡಲೇಬೇಕು ಅಂತ ಪಟ್ಟು ಹಿಡಿದಿದ್ದಾರೆ, ನೀವೊಂದು ಎಫ್‌ಐಆರ್ ಹಾಕ್ಕೊಂಡರೆ ಸಾಕು. ಮಧ್ಯಾಹ್ನದೊಳಗೆ ವಾಪಸ್ ಕೂರಿಸಿಬಿಡ್ತೀವಿ."

"ಪಂಚನಾಮೆ ಆಗೋವರೆಗೂ ಯಾರೂ ಅದನ್ನ ಮುಟ್ಟೋ ಹಾಗಿಲ್ಲ."

ಆ ಮಾತಿಗೆ ಅವನ ಮುಖ ಇಳಿದುಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್‌ಸ್ಪೆಕ್ಟರ್ ತಮ್ಮ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಬೇಕಾದಷ್ಟು ಕಂಡಿದ್ದರು. ಅತಿಕ್ರಮ ಪ್ರವೇಶ ಮತ್ತು ಆಸ್ತಿ ಹಾನಿ ಎಂದು ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್ಸ್‌ಟೇಬಲನ್ನು ಕರೆದುಕೊಂಡು ಹೊರಟರು. ಠಾಣೆಯಲ್ಲಿ ಅವನನ್ನು ಎಲ್ಲರೂ 'ಟೇಪು' ಅಂತಲೇ ಕರೆಯುತ್ತಿದ್ದರು. ಯಾವ ಸ್ಥಳಕ್ಕೆ ಹೋದರೂ ಮೊದಲು ಜೇಬಿನಿಂದ ಅಳತೆಪಟ್ಟಿ ತೆಗೆಯುವುದು ಅವನ ಚಾಳಿ. ಮಗಳಿಗೆ ಗಂಡು ನೋಡಲು ಹೋದಾಗಲೂ ಅಳೆದನಂತೆ ಎಂದು ಠಾಣೆಯವರು ನಗುತ್ತಿದ್ದರು.

ನಾಲ್ಕನೇ ಮಹಡಿಯ ಪಶ್ಚಿಮದ ಗೋಡೆ ಪೂರ್ತಿ ಗಾಜಿನದು. ತೆರೆಯಲು ಬಾರದ, ಚೌಕಟ್ಟಿಗೆ ಬಿಗಿದ ಕಿಟಕಿಗಳು. ನಡುವಿನ ಮೂರರಲ್ಲಿ ಗಾಜಿರಲಿಲ್ಲ. ಮೂರೂ ಗಾಜುಗಳನ್ನು ನೆಲಕ್ಕೆ ಹಳೇ ಹೊದಿಕೆ ಹಾಸಿ ಗೋಡೆಗೆ ಒರಗಿಸಲಾಗಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ಬಿಚ್ಚಿದ ಸ್ಕ್ರೂಗಳು ಒಂದು ಕಾಗದದ ಲೋಟದಲ್ಲಿದ್ದವು.

ಟೇಪು ಅಳೆದ. "ಮೂರಡಿಗೆ ನಾಲ್ಕಡಿ. ಸ್ಕ್ರೂ ಮೂವತ್ತಾರು. ಒಂದೂ ಕಳೆದಿಲ್ಲ ಮೇಡಂ. ಕಳ್ಳ ನಮ್ಮ ಮನೆ ಬಡಗಿಗಿಂತ ವಾಸಿ."

ಪಂಚರಲ್ಲಿ ಒಬ್ಬನಾಗಿ ಪಕ್ಕದ ರಸ್ತೆಯ ಗಾಜಿನಂಗಡಿಯ ಮುದುಕನನ್ನು ಕರೆಸಿದ್ದರು. ಅವನು ಗಾಜಿನ ಮೇಲಿದ್ದ ದುಂಡನೆಯ ಗುರುತುಗಳನ್ನು ತೋರಿಸಿದ. "ಇದು ಗಾಜು ಎತ್ತೋ ರಬ್ಬರ್ ಹಿಡಿಕೆ ಗುರುತು. ಒಂದೊಂದು ಗಾಜೂ ಮೂವತ್ತು ಕಿಲೋ ಮೇಲಿದೆ. ಗೀರು ಬೀಳದ ಹಾಗೆ ಇಳಿಸಿದ್ದಾನೆ ಅಂದ್ರೆ ಕೈ ಪಳಗಿದವನು."

"ಇಷ್ಟು ಕಷ್ಟಪಟ್ಟು ಬಿಚ್ಚಿ ಇಲ್ಲೇ ಯಾಕೆ ಇಟ್ಟ?"

ಮುದುಕ ಗಾಜಿನ ಮೂಲೆಗೆ ಅಂಟಿಸಿದ್ದ ದರ್ಜೆಯ ಚೀಟಿಯನ್ನು ಓದಿದ. ಆಮೇಲೆ ಜೇಬಿನಿಂದ ಲೈಟರ್ ತೆಗೆದು ಹಚ್ಚಿ, ಗಾಜಿನ ಹತ್ತಿರ ಹಿಡಿದ.

"ಎಷ್ಟು ದೀಪ ಕಾಣ್ತವೆ ನೋಡಿ ಅಮ್ಮಾ."

"ನಾಲ್ಕು."

"ಎರಡು ಪದರದ ಗಾಜು, ನಾಲ್ಕು ಮೈ. ಅದಕ್ಕೇ ನಾಲ್ಕು ದೀಪ. ಬಿಸಿಲು ತಡೆಯೋ ಲೇಪ ಇದ್ರೆ ಅದರಲ್ಲಿ ಒಂದು ದೀಪದ ಬಣ್ಣ ಬೇರೆ ಇರಬೇಕು. ಇಲ್ಲಿ ನಾಲ್ಕೂ ಒಂದೇ. ಇದು ಬರೀ ಗಾಜು. ಚೀಟಿ ಮಾತ್ರ ಉತ್ತಮ ದರ್ಜೆದು."

ಕಟ್ಟಡಗಳ ಇಂಧನ ನಿಯಮದ ವಿಷಯ ಅವನು ಬಿಡಿಸಿ ಹೇಳಿದ. ದೊಡ್ಡ ಕಟ್ಟಡದ ಗಾಜು ಬಿಸಿಲಿನ ಶಾಖದಲ್ಲಿ ಕಾಲು ಪಾಲಿಗಿಂತ ಹೆಚ್ಚು ಒಳಗೆ ಬಿಡಬಾರದು, ಬಿಟ್ಟರೆ ಪರವಾನಗಿ ಇಲ್ಲ. ಆ ಲೆಕ್ಕವನ್ನೇ ನಂಬಿ ಎಸಿ ಯಂತ್ರವನ್ನೂ ಚಿಕ್ಕದು ಕೂರಿಸುತ್ತಾರೆ. "ಗಾಜೇ ಸುಳ್ಳಾದ್ರೆ ಆ ಯಂತ್ರ ಏನು ಮಾಡೀತು? ಇರುವೆ ಮೇಲೆ ಮೂಟೆ ಹೊರಿಸಿದ ಹಾಗೆ."

ಮ್ಯಾನೇಜರು ಅಷ್ಟು ಹೊತ್ತಿಗೆ ಫೋನು ಹಿಡಿದು ಮೆಟ್ಟಿಲ ಕಡೆಗೆ ಸರಿದಿದ್ದ. ಇನ್‌ಸ್ಪೆಕ್ಟರ್ ಮೂರೂ ಗಾಜುಗಳನ್ನು ಚೀಟಿ ಸಮೇತ ಮುದ್ದೆಮಾಲಾಗಿ ವಶಪಡಿಸಿಕೊಂಡರು.

ಹನ್ನೊಂದೂವರೆಗೆ ಕೆಳಗೆ ಕಾವಲುಗಾರನ ವಿಚಾರಣೆ.

"ನಿನ್ನೆ ಭಾನುವಾರ ಯಾರು ಬಂದಿದ್ದರು?"

"ಒಬ್ಬರೇ ಮೇಡಂ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಬಂದು ಸಾಯಂಕಾಲ ನಾಲ್ಕೂಕಾಲಿಗೆ ಹೋದರು. ರಿಜಿಸ್ಟರಲ್ಲಿ 'ಕಿಟಕಿ ಕೆಲಸ' ಅಂತ ಬರೆದಿದ್ದಾರೆ."

"ಯಾರು ಅಂತ ಕೇಳಲಿಲ್ವಾ?"

"ಸಾಮಾನಿನ ಚೀಲ ಇತ್ತು. ಸರ್ವಿಸ್ ಲಿಫ್ಟ್ ಯಾವ ಕಡೆ ಅಂತ ಕೂಡ ಕೇಳಲಿಲ್ಲ, ಸೀದಾ ನಡೆದರು. ನಮ್ಮವರೇ ಅಂದ್ಕೊಂಡೆ. ಹೋಗುವಾಗ ಕಣ್ಣು ಕೆಂಪಗಿತ್ತು. ಧೂಳು ಬಿತ್ತಾ ಅಂದೆ. ಹೂಂ ಅಂದರು."

ಕಟ್ಟಡ ಗೊತ್ತಿದ್ದವನು, ಗಾಜು ಗೊತ್ತಿದ್ದವನು. ಆದರೆ ಎಂಬತ್ತು ಕಿಟಕಿಗಳಲ್ಲಿ ಆ ಮೂರನ್ನೇ ಯಾಕೆ ಆರಿಸಿದ? ಇನ್‌ಸ್ಪೆಕ್ಟರ್ ಮತ್ತೆ ಮೇಲೆ ಹೋದರು. ಕಿಟಕಿಯ ಸಾಲಿನಲ್ಲಿ ಎಲ್ಲ ಮೇಜಿನ ಮೇಲೂ ಕಂಪ್ಯೂಟರ್, ನೀರಿನ ಬಾಟಲಿ, ಮಕ್ಕಳ ಫೋಟೊ ಇದ್ದವು. ಬಿಚ್ಚಿದ ಗಾಜಿನ ಎದುರಿನ ಒಂದು ಮೇಜು ಮಾತ್ರ ಬರಿದಾಗಿತ್ತು. ಆ ವಿಭಾಗದ ಮೇಲ್ವಿಚಾರಕಿಯನ್ನು ಕರೆದು ಕೇಳಿದರು.

"ಇಲ್ಲಿ ಯಾರು ಕೂರ್ತಿದ್ರು?"

"ಒಬ್ಬಳು ಹುಡುಗಿ. ಈಗಿಲ್ಲ."

"ಕೆಲಸ ಬಿಟ್ಟಳಾ?"

ಆಕೆ ನೆಲ ನೋಡಿದಳು. "ತೀರಿಕೊಂಡಳು ಮೇಡಂ. ಏಪ್ರಿಲ್ ಒಂಬತ್ತಕ್ಕೆ. ಎಸಿ ಕೆಟ್ಟು ಮೂರನೇ ದಿನ. ಕೆಲಸ ಇವತ್ತೇ ಮುಗೀಬೇಕು ಅಂತ ಮೇಲಿನಿಂದ ಒತ್ತಡ ಇತ್ತು. ಮಧ್ಯಾಹ್ನ ಎರಡು ಗಂಟೆಯಿಂದ ತಲೆಸುತ್ತು ಅಂತಿದ್ದಳು. ನೀರು ಕುಡಿ ಅಂದೆ. ಮೂರೂ ಮುಕ್ಕಾಲಿಗೆ ಕುರ್ಚಿಯಿಂದ ಜಾರಿದಳು. ಮೈ ಮುಟ್ಟಿದ್ರೆ ಕೆಂಡ. ಆಸ್ಪತ್ರೆಗೆ ಸೇರಿಸೋ ಹೊತ್ತಿಗೆ..." ಆಕೆ ಕಿಟಕಿಯ ಕಡೆ ಕೈ ಮಾಡಿದಳು. "ಒಂದಾದ್ರೂ ತೆಗೆಯೋಕೆ ಬಂದಿದ್ರೆ ಗಾಳಿ ಆದ್ರೂ ಬರ್ತಿತ್ತು."

ಕಾವಲುಗಾರ ಹೇಳಿದ ಕೆಂಪು ಕಣ್ಣು ಇನ್‌ಸ್ಪೆಕ್ಟರ್ ಮನಸ್ಸಿಗೆ ಬಂತು. "ಅವಳ ತಂದೆ ಏನು ಮಾಡ್ತಾರೆ?"

"ಗಾಜಿನ ಮೇಸ್ತ್ರಿ. ಈ ಕಿಟಕಿಗಳನ್ನ ಹಾಕಿದ್ದು ಅವರೇ. ನಮ್ಮಪ್ಪ ಹಾಕಿದ ಕಿಟಕಿ ಅಂತ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದಳು."

ಗಾಜಿನ ಮೇಸ್ತ್ರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಇನ್‌ಸ್ಪೆಕ್ಟರಿಗೆ ಎರಡು ವಾರದ ಹಿಂದಿನ ಒಂದು ಅರ್ಜಿ ನೆನಪಾಯಿತು. ಟೇಪುವಿನ ಮುಖ ನೋಡಿದರು. ಅವನೂ ಅವರನ್ನೇ ನೋಡುತ್ತಿದ್ದ.

ಠಾಣೆಗೆ ಮರಳಿ ಅರ್ಜಿಗಳ ಕಡತ ತೆಗೆಸಿದರು. ಏಪ್ರಿಲ್ ಇಪ್ಪತ್ತೆರಡರ ಅರ್ಜಿ ಸಿಕ್ಕಿತು. 'ನನ್ನ ಮಗಳ ಸಾವಿಗೆ ಕಿಟಕಿಯ ಗಾಜು ಕಾರಣ. ಚೀಟಿ ಸುಳ್ಳು. ದಯವಿಟ್ಟು ಗಾಜನ್ನು ಪರೀಕ್ಷೆ ಮಾಡಿಸಿ' ಎಂದು ಉರುಟು ಅಕ್ಷರದಲ್ಲಿತ್ತು. ಕೆಳಗೆ ಇನ್‌ಸ್ಪೆಕ್ಟರರದೇ ಹಿಂಬರಹ: 'ವಿಷಯವು ತಾಂತ್ರಿಕ ಸ್ವರೂಪದ್ದಾಗಿರುತ್ತದೆ. ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸುವುದು.' ಆ ದಿನ ಸಹಿ ಹಾಕುತ್ತ, ಇವತ್ತು ಕಿಟಕಿ ಮೇಲೆ ಕಂಪ್ಲೇಂಟು, ನಾಳೆ ಬಾಗಿಲ ಮೇಲೆ ಎಂದು ತಾವೇ ನಕ್ಕಿದ್ದು ನೆನಪಾಯಿತು. ಆಗ ಆ ಮನುಷ್ಯ ಮೇಜಿನ ಆಚೆ ನಿಂತೇ ಇದ್ದ.

ಇನ್‌ಸ್ಪೆಕ್ಟರ್ ಊಟ ಮಾಡಲಿಲ್ಲ. ಮೂರು ಗಂಟೆಗೆ ಜೀಪು ಒಂದು ಇಕ್ಕಟ್ಟಾದ ಬೀದಿಯಲ್ಲಿ ನಿಂತಿತು. ಎರಡು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಐವತ್ತೈದರ ಆಸುಪಾಸಿನ ಮೇಸ್ತ್ರಿ ಒಗೆದ ಅಂಗಿ ತೊಟ್ಟು ಕೂತಿದ್ದ. ಪಕ್ಕದಲ್ಲಿ ಸಾಮಾನಿನ ಚೀಲ, ಅದರ ಮೇಲೆ ಎರಡು ರಬ್ಬರ್ ಹಿಡಿಕೆ.

"ಬಂದ್ರಾ ಮೇಡಂ. ಬೆಳಿಗ್ಗೆಯೇ ಬರ್ತೀರಿ ಅಂದ್ಕೊಂಡಿದ್ದೆ. ಗಾಜು ನಿಮ್ಮ ಹತ್ರ ಇದ್ಯಾ? ಅವರು ವಾಪಸ್ ಕೂರಿಸಲಿಲ್ಲ ತಾನೇ?"

"ನಮ್ಮ ವಶದಲ್ಲಿದೆ. ಪರೀಕ್ಷೆಗೆ ಹೋಗುತ್ತೆ."

ಬಿಗಿಹಿಡಿದಿದ್ದ ಅವನ ಭುಜ ಸಡಿಲಾಯಿತು. ಒಳಗಿನಿಂದ ಹೆಂಡತಿ ಬಂದಳು. ಪೊಲೀಸರನ್ನು ಕಂಡು ಹೆದರಲಿಲ್ಲ, ಹೆದರುವಷ್ಟು ತ್ರಾಣವೂ ಆಕೆಯಲ್ಲಿ ಉಳಿದಂತಿರಲಿಲ್ಲ. "ಎರಡು ದಿನದಿಂದ ತುತ್ತು ಮುಟ್ಟಿಲ್ಲ ಅಮ್ಮಾ. ಉಂಡು ಬರಲಿ," ಎಂದಳು.

ಇನ್‌ಸ್ಪೆಕ್ಟರ್ ಕಾದರು. ಅವನು ನಾಲ್ಕು ತುತ್ತು ತಿಂದು ಕೈ ತೊಳೆದ. ಮೂರು ಇಪ್ಪತ್ತೈದಕ್ಕೆ ದಸ್ತಗಿರಿ ಮಾಡಲಾಯಿತು. ಹೆಂಡತಿಯೂ ಜೀಪು ಹತ್ತಿದಳು. ಟೇಪು ಸರಿದು ಜಾಗ ಬಿಟ್ಟ.

ಠಾಣೆಯ ಒಳಕೋಣೆಯಲ್ಲಿ ಹೇಳಿಕೆ ಶುರುವಾಯಿತು.

"ಗಾಜು ಯಾಕೆ ಬಿಚ್ಚಿದೆ?"

"ಅರ್ಜಿ ಕೊಟ್ಟೆ, ಯಾರೂ ಮುಟ್ಟಲಿಲ್ಲ. ಪರವಾನಗಿ ಕಚೇರಿಗೂ ಹೋದೆ, ಚೀಟಿ ಇದೆಯಲ್ಲ ಅಂದರು. ಅಪರಾಧ ಅಂತಾದ್ರೆ ಪೊಲೀಸರು ಬಂದು ಗಾಜನ್ನ ನೋಡ್ತಾರೆ ಅನ್ನಿಸಿತು."

ಇನ್‌ಸ್ಪೆಕ್ಟರ್ ಅವನ ಹಳೇ ಅರ್ಜಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಅವತ್ತು ನಾನು ನೋಡಬೇಕಿತ್ತು," ಎಂದರು. ಅದನ್ನು ಟೇಪು ಬರೆದುಕೊಳ್ಳಲಿಲ್ಲ.

"ಚೀಟಿ ಸುಳ್ಳು ಅಂತ ನಿನಗೆ ಹೇಗೆ ಗೊತ್ತು?"

"ಅಂಟಿಸಿದವನು ನಾನೇ."

ಟೇಪುವಿನ ಪೆನ್ನು ನಿಂತಿತು.

"ಮೂರು ವರ್ಷದ ಹಿಂದೆ ಮೇಡಂ. ಆರಿಸಿದ್ದು ಒಳ್ಳೆ ಗಾಜೇ, ನಕ್ಷೆಯಲ್ಲೂ ಅದೇ ಇತ್ತು. ಬಂದಿದ್ದು ಬೇರೆ. ಕಟ್ಟಡದ ಮಾಲೀಕರು ಚೀಟಿಗಳ ಕಟ್ಟು ಕೊಟ್ಟು ಅಂಟಿಸು ಅಂದರು. ನೂರಾರು ಜನ ಕೂರೋ ಜಾಗ, ಸ್ವಲ್ಪ ಸೆಕೆ ಆದ್ರೆ ಸಾಯ್ತಾರಾ ಅಂದ್ಕೊಂಡೆ. ಆ ಕೇಸನ್ನೂ ಬರೀರಿ. ಮೊದಲನೇ ಆರೋಪಿ ಅಂತ ನನ್ನನ್ನೇ ಹಾಕಿ, ಆಮೇಲೆ ಅವರನ್ನ."

"ಮಗಳಿಗೆ ಹೇಳಿರಲಿಲ್ವಾ?"

ಅವನು ಅಂಗೈ ಉಜ್ಜಿಕೊಂಡ. ಗಾಜು ಕೊರೆದ ಹಳೆಯ ಗಾಯಗಳ ಗೆರೆಗಳು ಕೈತುಂಬ ಇದ್ದವು.

"ಕೆಲಸಕ್ಕೆ ಸೇರಿದ ದಿನ ಫೋನ್ ಮಾಡಿದ್ದಳು. ಅಪ್ಪಾ, ಎರಡು ಜಾಗ ಖಾಲಿ ಇದೆ, ಒಳಗೋಡೆ ಹತ್ರ ಒಂದು, ಕಿಟಕಿ ಹತ್ರ ಒಂದು, ಯಾವುದು ತಗೊಳ್ಳಲಿ ಅಂದಳು. ಒಳಗೋಡೆ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದಳು. ಹೇಳಬೇಕಾಗ್ತಿತ್ತು. ಅವಳ ಕಣ್ಣಲ್ಲಿ ಚಿಕ್ಕವನಾಗೋಕೆ ಮನಸ್ಸು ಬರಲಿಲ್ಲ. ಕಿಟಕಿ ಹತ್ರ ಕೂರು ಮಗಳೇ, ನಾನು ಹಾಕಿದ ಗಾಜು, ಬಿಸಿಲು ತಾಗಲ್ಲ ಅಂದೆ."

ಹೊರಗಿನ ಕೋಣೆಯಲ್ಲಿ ಫೋನು ಬಡಿದುಕೊಂಡು ತಾನಾಗಿ ನಿಂತಿತು.

ಐದು ಹತ್ತಕ್ಕೆ ಹೇಳಿಕೆ ಮುಗಿಯಿತು. ಸುಳ್ಳು ಚೀಟಿ ಮತ್ತು ನಿರ್ಲಕ್ಷ್ಯದ ಸಾವಿನ ಎರಡನೇ ಎಫ್‌ಐಆರ್ ಅದೇ ಸಂಜೆ ದಾಖಲಾಗಿ, ಕಟ್ಟಡದ ಮಾಲೀಕನ ಮನೆಗೆ ಸಬ್ ಇನ್‌ಸ್ಪೆಕ್ಟರ್ ಹೊರಟರು. ಅದಕ್ಕೆಲ್ಲ ಮೊದಲು ಸಹಿ ಆಗಬೇಕಿತ್ತು. ಸಹಿಗೆ ಮುಂಚೆ ಹೇಳಿಕೆಯನ್ನು ಓದಿ ಹೇಳಬೇಕು, ಅದು ನಿಯಮ. ಟೇಪು ಹಾಳೆಗಳನ್ನು ಜೋಡಿಸಿಕೊಂಡಾಗ ಮೇಸ್ತ್ರಿ ಕೈಯೆತ್ತಿದ.

"ಬಾಗಿಲು ತೆಗೆದಿಟ್ಟು ಓದ್ತೀರಾ ಸಾರ್? ಹೆಂಡತಿ ಹೊರಗೆ ಬೆಂಚಿನ ಮೇಲಿದ್ದಾಳೆ. ಚೀಟಿ ವಿಷಯ ಅವಳಿಗೂ ಗೊತ್ತಿಲ್ಲ. ನನ್ನ ಬಾಯಿಂದ ಹೇಳೋಕೆ ಆಗ್ತಿಲ್ಲ."

ಟೇಪು ಇನ್‌ಸ್ಪೆಕ್ಟರ್ ಕಡೆ ನೋಡಿದ. ಅವರೇ ಎದ್ದು ಹೋಗಿ ಬಾಗಿಲು ತೆರೆದರು. ಹೊರಗೆ ಮೇಸ್ತ್ರಿಯ ಹೆಂಡತಿ ಸೆರಗಿನ ತುದಿ ಹಿಡಿದು ಕೂತಿದ್ದಳು. ಇನ್‌ಸ್ಪೆಕ್ಟರ್ ಹೋಗಿ ಆಕೆಯ ಪಕ್ಕದಲ್ಲಿ ಕೂತರು.

ಒಳಗಿನಿಂದ ಟೇಪು ಹೊರಗೆ ಕೇಳುವ ಹಾಗೆ, ಒಂದೊಂದೇ ಪದ ಬಿಡಿಸಿ, ಓದಲು ಶುರುಮಾಡಿದ.