ದೊರೆಯನ್ನು ಬೇಡವೆಂದ ಸೊಸೆ

ಸೊಸೆ ಬಾಲ್ಕನಿಯ ಚಿಲಕ ತೆಗೆದಳು. ಮಧ್ಯಾಹ್ನದ ಬಿಸಿಲಿಗೆ ಅಲ್ಲಿನ ನೆಲ ಕಾದ ಕಾವಲಿಯಾಗಿತ್ತು. ಗೋಡೆಯ ಬುಡದ ಗೇಣಗಲ ನೆರಳಿಗೆ ಮೂತಿ ತುರುಕಿಕೊಂಡು ಹಸ್ಕಿ ನಾಯಿ ಬಿದ್ದುಕೊಂಡಿತ್ತು. ನಾಲಿಗೆ ನೆಲ ಮುಟ್ಟುತ್ತಿತ್ತು, ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು. ಚಳಿ ನಾಡಿನ ಮೈ, ಕಂಬಳಿಯಂಥ ತುಪ್ಪಳ... ಖಾಲಿ ಮಾಡಿದ ಮನೆಯೊಂದರ ತಾರಸಿಯ ಮೇಲೆ, ಇಂಥದೇ ಬಿಸಿಲಲ್ಲಿ ಯಾರೋ ಕಟ್ಟಿಹಾಕಿ ಹೋಗಿದ್ದ ಜೀವವನ್ನು ಪ್ರಾಣಿಗಳ ಆಶ್ರಯಧಾಮದವರು ಬಿಡಿಸಿ ತಂದದ್ದು ಈ ಭಾಗ್ಯಕ್ಕೇ? ಒಳಗೆಳೆದು ಒದ್ದೆ ಟವೆಲ್ ಹೊದಿಸಿ, ಬಾಯಿಗೆ ನೀರು ಹನಿಸಿದಳು.

“ಇದನ್ನ ಯಾರು ಹೊರಗೆ ಹಾಕಿದ್ದು ಅತ್ತೆ?”

“ನಾನೇ. ನೆಂಟರು ಬಂದಿದ್ರು, ಸೋಫಾ ತುಂಬ ಕೂದಲು.” ಅತ್ತೆ ಟೀವಿಯಿಂದ ಕಣ್ಣು ಕೀಳಲಿಲ್ಲ. “ಅವರು ಹೋದ್ಮೇಲೆ ಮರೆತೇ ಹೋಯ್ತು. ಹೇಗೂ ನೀನು ಬಂದು ನೋಡ್ಕೋತೀಯಲ್ಲ. ನಿನ್ನ ದೊರೆಗೆ ಅಷ್ಟಕ್ಕೇ ಏನಾಗಲ್ಲ ಬಿಡು.”

ದೊರೆ ಎಂಬ ಹೆಸರೂ ಅತ್ತೆ ಇಟ್ಟದ್ದೇ, ಫ್ಯಾನಿನ ಕೆಳಗಿನ ಜಾಗ ಬಿಟ್ಟು ಏಳುವುದಿಲ್ಲವೆಂದು ಹಂಗಿಸಿ.

ನೀನು ನೋಡ್ಕೋತೀಯಲ್ಲ... ಈ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ನಾಯಿ ಬೇಕೆಂದು ಹಟ ಹಿಡಿದವನು ಮೈದುನ. ಆ ನೀಲಿ ಕಣ್ಣು ಫೋಟೋದಲ್ಲಿ ಚೆನ್ನಾಗಿ ಬರುತ್ತದಂತೆ. ತಮ್ಮನ ಮಾತಿಗೆ ಕೋಲೆ ಬಸವನಂತೆ ತಲೆಯಾಡಿಸಿದವನು ಗಂಡ. ಬೆಳಕು ಹರಿಯುವ ಮುಂಚೆ ಎದ್ದು ಅದನ್ನು ಸುತ್ತಾಡಿಸಿ, ಬಾಚಿದಷ್ಟೂ ಉದುರುವ ಕೂದಲು ಗುಡಿಸಿ, ಅಡುಗೆ ಮುಗಿಸಿ, ಕನ್ನಡಕದ ಅಂಗಡಿಗೆ ಓಡಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು ಮಾತ್ರ ಇವಳು. ಗಿರಾಕಿಗಳು ಹೊಸ ಕನ್ನಡಕ ಹಾಕಿಕೊಂಡು ಮೊದಲು ನೋಡುತ್ತಿದ್ದದ್ದೇ ಇವಳ ಬಟ್ಟೆಯ ಮೇಲಿನ ಬಿಳಿ ಕೂದಲನ್ನು. ಹೀಗೆ ರೇಗುತ್ತ ರೇಗುತ್ತಲೇ ಅದರ ಮೇಲೆ ಜೀವ ಇಟ್ಟುಬಿಟ್ಟಿದ್ದಳು, ಅದೇ ದೊಡ್ಡ ಫಜೀತಿ. ಸಂಜೆ ಆಶ್ರಯಧಾಮದ ಡಾಕ್ಟರಮ್ಮ ಬರುವವರಿದ್ದುದರಿಂದ ಇಂದು ಬೇಗ ಬಂದಿದ್ದಳು. ಎಂದಿನಂತೆ ದೀಪ ಹಚ್ಚುವ ಹೊತ್ತಿಗೆ ಬಂದಿದ್ದರೆ... ಮುಂದಿನದನ್ನು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ.

ಡಾಕ್ಟರಮ್ಮ ಬಂದರು. ಇಷ್ಟು ದಿನ ನಾಯಿಯನ್ನು ಇಟ್ಟುಕೊಂಡು ನೋಡಿದ್ದಾಯಿತು, ಈಗ ಮನೆಯ ಒಬ್ಬೊಬ್ಬರೂ ಒಪ್ಪಿದರೆ ಮಾತ್ರ ಅದು ಈ ಮನೆಯದು. ಒಬ್ಬರು ಬೇಡವೆಂದರೂ ವಾಪಸು ಕರೆದುಕೊಂಡು ಹೋಗುವುದು ಅವರ ನಿಯಮ.

“ನನಗಂತೂ ಬೇಕೇ ಬೇಕು,” ಎಂದ ಮೈದುನ. “ಇರಲಿ ಮೇಡಂ,” ಎಂದ ಗಂಡ. ಅತ್ತೆಯ ಬಾಯಲ್ಲಂತೂ ಬೆಲ್ಲ. “ಮೊಮ್ಮಗು ಇದ್ದ ಹಾಗಿದೆ ಕಣಮ್ಮ. ಅದಿಲ್ದೆ ನನಗೆ ಹೊತ್ತೇ ಹೋಗಲ್ಲ.”

“ನೀವೇನಂತೀರಮ್ಮ?” ಡಾಕ್ಟರಮ್ಮ ಸೊಸೆಯ ಕಡೆ ತಿರುಗಿದರು.

“ಅವಳದ್ದೇನಿದೆ, ಅವಳು ನೋಡ್ಕೋತಾಳೆ,” ಎಂದರು ಅತ್ತೆ.

“ನನಗೆ ಬೇಡ.”

ಗಂಡ ಮೆಲ್ಲಗೆ ರೇಗಿದ. “ಏನಾಗಿದೆ ನಿಂಗೆ? ಅದನ್ನ ಹಚ್ಚಿಕೊಂಡಿರೋಳೇ ನೀನು.”

“ಅದಕ್ಕೇ ಬೇಡ ಅಂತಿರೋದು. ಇದು ಎಷ್ಟು ಹೊತ್ತಿಗೆ ಊಟ ಮಾಡುತ್ತೆ, ಹೇಳಿ ನೋಡೋಣ.” ಗಂಡ ತಮ್ಮನ ಮುಖ ನೋಡಿದ, ತಮ್ಮ ಫೋನು ನೋಡಿದ. “ಯಾರಿಗೂ ಗೊತ್ತಿಲ್ಲ... ಇವತ್ತು ಮಧ್ಯಾಹ್ನ ಇದು ಬಿಸಿಲಲ್ಲಿ ಬಿದ್ದಿತ್ತು ಡಾಕ್ಟರೇ. ನಾಳೆ ನಾನು ಅಂಗಡಿಯಲ್ಲಿರ್ತೀನಿ, ನಾಳಿದ್ದೂ ಅಂಗಡಿಯಲ್ಲಿರ್ತೀನಿ. ಕೆಲಸ ಬಿಡೋಣ ಅಂದ್ರೆ ಸಂಬಳ ಇಲ್ದೆ ಮನೆ ನಡೆಯಲ್ಲ. ಇದಕ್ಕೆ ಒಂದು ಮನೆ ಬೇಕು. ಇಲ್ಲಿ ಇರೋದು ನಾನೊಬ್ಬಳೇ...”

“ಕಲ್ಲು ಮನಸ್ಸು ಕಣೇ ನಿಂದು,” ಎಂದರು ಅತ್ತೆ. “ಬಾಯಿಲ್ಲದ ಜೀವಾನ ಆಚೆ ಅಟ್ತಿದೀಯ.”

ಡಾಕ್ಟರಮ್ಮ ದೊರೆಯ ಅಂಗಾಲು ಎತ್ತಿ ನೋಡಿದರು. ಸುಟ್ಟು ಕೆಂಪಾಗಿತ್ತು. ಹಗ್ಗ ಕೈಗೆ ತೆಗೆದುಕೊಂಡರು.

ಬೀದಿಯಲ್ಲಿ ವ್ಯಾನಿನ ಹತ್ತಿರ ಬಂದದ್ದೇ ದೊರೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಡಾಕ್ಟರಮ್ಮ ಎಳೆದರು, ಮೈದುನ ಬಿಸ್ಕತ್ತು ತೋರಿಸಿದ, ಗಂಡ ಹಿಂದಿನಿಂದ ನೂಕಿದ. ಅದು ಕತ್ತೆತ್ತಿ ಊಳಿಡತೊಡಗಿತು. ಅಕ್ಕಪಕ್ಕದವರೆಲ್ಲ ಕಿಟಕಿಗೆ ಬಂದರು.

“ನೀವೇ ಒಂದು ಮಾತು ಹೇಳಿ ನೋಡಿಯಮ್ಮ,” ಎಂದರು ಡಾಕ್ಟರಮ್ಮ.

ಆ ಮನೆಯಲ್ಲಿ ಅವಳ ಮಾತು ಕೇಳುವ ಜೀವ ಅದೊಂದೇ ಇತ್ತು. ಅವಳು ಬಗ್ಗಿ ಅದರ ಕಿವಿಯಲ್ಲಿ, “ಹತ್ತು ಕಂದ...” ಎಂದಳು. ದೊರೆ ಊಳಿಡುವುದನ್ನು ನಿಲ್ಲಿಸಿ ಅವಳ ಮುಖ ನೋಡಿತು. ಒಂದೇ ನೆಗೆತಕ್ಕೆ ವ್ಯಾನು ಹತ್ತಿ, ಅವಳೂ ಬರುತ್ತಾಳೆಂದು ಪಕ್ಕದಲ್ಲಿ ಜಾಗ ಬಿಟ್ಟು ಕೂತಿತು.