ಪ್ರಿಯ ಇನ್ಶಿರಾಹ್, ಲೈಥ್ ಹೇಗಿದ್ದಾನೆ?

ಹನ್ನೊಂದು ವರ್ಷದ ಹಿಂದೆ, ಸಾಲ್ತ್ ಊರಿನ ಹೆರಿಗೆ ವಾರ್ಡೊಂದರಲ್ಲಿ ಒಬ್ಬ ಬಾಣಂತಿ ಪಕ್ಕದ ಮಂಚದವಳಿಗೆ ಮಾತು ಕೊಟ್ಟಿದ್ದಳು. "ನಿನ್ನ ಹಾಲು ಕುಡಿದವನು ನಿನಗೂ ಮಗನೇ. ಪ್ರತಿ ಹಬ್ಬಕ್ಕೂ ಕರ್ಕೊಂಡು ಬರ್ತೀನಿ, ನಿನ್ನ ಕೈಗೆ ಮುತ್ತಿಡ್ತಾನೆ." ಈ ಮಾತು ಪೊಲೀಸರ ಕಿವಿಗೆ ಬೀಳುವ ಹೊತ್ತಿಗೆ ಹುಡುಗ ಕಾಣೆಯಾಗಿದ್ದ.

ದೂರು ಬಂದದ್ದು ನವೆಂಬರ್ 12, ಮಂಗಳವಾರ, ಬೆಳಿಗ್ಗೆ 9.40ಕ್ಕೆ. ದೂರುದಾರಳು ಇನ್ಶಿರಾಹ್ ಖತ್ತಾನ್, ವಯಸ್ಸು 36. ಗಂಡನಿಗೆ ಅಕಾಬಾ ಬಂದರಿನಲ್ಲಿ ಕೆಲಸ. ಮನೆಯಲ್ಲಿ ಅವಳು, ಹನ್ನೊಂದರ ಮಗ ಉಸೈದ್, ಇಬ್ಬರೇ. ಫೋನನ್ನು ಅವಳು ಮೇಜಿನ ಮೇಲಿಟ್ಟು, ಕಚ್ಚುತ್ತದೇನೋ ಎಂಬಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

ಅವಳದು ಅಡುಗೆಯ ವೆಬ್‌ಸೈಟ್. ಅಮ್ಮಾನಿನ ಒಂದು ಏಲಕ್ಕಿ-ಕಾಫಿ ಅಂಗಡಿಯ ಮಾಲನ್ನು ಅದರಲ್ಲಿ ಹೊಗಳಿ ಲಿಂಕ್ ಹಾಕುತ್ತಿದ್ದಳು. ಆ ಲಿಂಕಿನಿಂದ ಯಾರಾದರೂ ಕೊಂಡರೆ ಅವಳಿಗೆ ಕಮಿಷನ್. ಹೊಸ ರಿಯಾಯಿತಿಗಳನ್ನು, ಕೂಪನ್ ಕೋಡ್‌ಗಳನ್ನು ಅಂಗಡಿಯವರು ಪ್ರತಿ ಭಾನುವಾರ ಇಮೇಲ್ ವಾರಪತ್ರದಲ್ಲಿ ಕಳಿಸುತ್ತಿದ್ದರು.

"ಮೂರು ವಾರದಿಂದ ಪತ್ರ ಕೆಟ್ಟು ಬರ್ತಿದೆ ಸಾಹೇಬ್ರೆ. ಚಿತ್ರ ಇಲ್ಲ, ಕೋಡ್ ಇಲ್ಲ."

"ಅದಕ್ಕೆ ಪೊಲೀಸ್ ಠಾಣೆನಾ?" ಇನ್‌ಸ್ಪೆಕ್ಟರ್ ಮಿಥ್ಕಾಲ್ ಚಹಾ ಕೆಳಗಿಟ್ಟ.

"ಮೇಲಿನ ಸಾಲು ಓದಿ."

ಮೊದಲ ವಾರ: "ಪ್ರಿಯ ಇನ್ಶಿರಾಹ್, ಲೈಥ್ ಹೇಗಿದ್ದಾನೆ?" ಎರಡನೇ ವಾರ: "ಪ್ರಿಯ ಇನ್ಶಿರಾಹ್, ಹಸಿರು ಚೀಲ ಲೈಥ್‌ನ ಬೆನ್ನಿಗೆ ಭಾರ. ನಿಮ್ಮ ಬಾಗಿಲ ಮುಂದಿನ ಮೂರನೇ ಮೆಟ್ಟಿಲು ಒಡೆದಿದೆ, ಎಡವಿಯಾನು." ಮೂರನೆಯದು ಮೊನ್ನೆಯದು: "ಪ್ರಿಯ ಇನ್ಶಿರಾಹ್, ಗುರುವಾರ ನಾಲ್ಕಕ್ಕೆ ಬರುತ್ತೇನೆ."

"ಲೈಥ್ ಯಾರು?"

"ಗೊತ್ತಿಲ್ಲ."

"ಹಸಿರು ಚೀಲ?"

"ನನ್ನ ಮಗನದು."

"ಅಂಗಡಿಯವರಿಗೆ ತಿಳಿಸಿದ್ರಾ?"

"ಎರಡು ಸಲ ಬರೆದೆ. 'ತಾಂತ್ರಿಕ ದೋಷ, ಸರಿಪಡಿಸುತ್ತಿದ್ದೇವೆ' ಅಂತ ಉತ್ತರ ಬಂತು."

ಲೈಥ್ ಎಂಬ ಹೆಸರಿಗೆ ಅವಳ ಗಂಟಲ ನರ ಎದ್ದದ್ದನ್ನು ಮಿಥ್ಕಾಲ್ ನೋಡಿದ್ದ. ಹೆದರಿದ ಹೆಂಗಸು, ನೀರು ಕುಡಿಯಲಿ ಎಂದುಕೊಂಡು ಬಿಟ್ಟ. ಅದು ಅವನ ಮೊದಲ ತಪ್ಪು. 10.25ಕ್ಕೆ ಎಫ್ಐಆರ್ ದಾಖಲಾಯಿತು.

ಬುಧವಾರ ಹೆಡ್ ಕಾನ್‌ಸ್ಟೆಬಲ್ ಇತಾಫ್ ಆ ಅಂಗಡಿಯ ಇನ್ನೂ ಹದಿನಾಲ್ಕು ಪ್ರಚಾರಕರಿಗೆ ಫೋನ್ ಮಾಡಿದಳು. ಎಲ್ಲರ ಪತ್ರವೂ ಸರಿಯಾಗಿತ್ತು. ಒಬ್ಬಾಕೆ ತನ್ನ ಲಿಂಕಿನಿಂದಲೇ ಕಾಫಿ ಕೊಳ್ಳಬೇಕೆಂದು ಇತಾಫ್‌ಗೆ ಗಂಟುಬಿದ್ದಳು.

"ಕೆಟ್ಟಿರೋದು ಇವಳ ಪತ್ರ ಒಂದೇ, ಸರ್. ಪ್ರತಿಯೊಬ್ಬರ ಹೆಸರಿಗೂ ಪಟ್ಟಿಯಲ್ಲಿ ಒಂದು ಚೌಕ ಇರುತ್ತೆ. 'ಪ್ರಿಯ' ಅನ್ನೋದರ ಮುಂದೆ ಆ ಚೌಕದಲ್ಲಿರೋದು ತಾನಾಗಿ ಬಂದು ಕೂರುತ್ತೆ. ಯಾರೋ ಇವಳ ಚೌಕದಲ್ಲಿ ಹೆಸರಿನ ಜೊತೆ ಇಷ್ಟುದ್ದ ಸಾಲು ತುರುಕಿದ್ದಾರೆ. ಜಾಗ ಸಾಲದೆ ಕೆಳಗಿನ ಚಿತ್ರ, ಕೋಡ್ ಎಲ್ಲ ಕಿತ್ತುಹೋಗಿವೆ."

"ಅಂದ್ರೆ ಅಂಗಡಿಯ ಒಳಗಿನವರೇ."

"ಮನೆ ವಿಳಾಸವೂ ಅವರ ಹತ್ತಿರ ಇದೆ. ಮಾದರಿ ಪೊಟ್ಟಣ ಕಳಿಸೋಕೆ ಅಂತ ಅರ್ಜಿಯಲ್ಲೇ ಬರೆಸಿಕೊಳ್ತಾರೆ."

ಮಿಥ್ಕಾಲ್ ಗುರುವಾರ ಮೂರು ಗಂಟೆಯಿಂದ ಮನೆಗೆ ಇಬ್ಬರು ಕಾವಲಿನವರನ್ನು ಹಾಕಿದ. ನಾಲ್ಕು ಎಂದು ಬರೆದದ್ದನ್ನು ನಂಬಿದ. ಅದು ಎರಡನೇ ತಪ್ಪು.

ನವೆಂಬರ್ 14, ಗುರುವಾರ, ಮಧ್ಯಾಹ್ನ 1.10. ಅಮ್ಮಾನಿನ ಕಚೇರಿಯಲ್ಲಿ ಮಾಲೀಕ ಕಂಪ್ಯೂಟರ್ ತೆರೆದು ತೋರಿಸಿದ. ಚೌಕ ಬದಲಾದದ್ದು ಮೂರು ಶನಿವಾರ, ಕಚೇರಿಯಿಂದಲ್ಲ, ಯಾರದೋ ಮನೆಯಿಂದ. ಗುಪ್ತಪದ ಮಾತ್ರ ಇಡೀ ಕಚೇರಿಗೆ ಒಂದೇ. ಕಾಫಿ ಡಬ್ಬಿಯ ಮೇಲೆ ಬರೆದು ಅಂಟಿಸಿದ್ದರು.

"ಲೈಥ್ ಅಂತ ಯಾರಾದ್ರೂ ಕೆಲಸ ಮಾಡ್ತಾರಾ?"

"ಲೈಥ್? ಇಲ್ಲ ಸಾಹೇಬ್ರೆ. ಪಟ್ಟಿ ನೀವೇ ನೋಡಿ."

ಏಳು ಹೆಸರು. ಲೈಥ್ ಇರಲಿಲ್ಲ. ಇತಾಫ್ ಮಹಜರು ಬರೆಯತೊಡಗಿದಳು. ಆಗ ಕಾಫಿ ತಟ್ಟೆ ಹಿಡಿದ ಮುದುಕ ಬಾಗಿಲಲ್ಲಿ ನಿಂತು ಕೇಳಿದ, "ಉಮ್ ಲೈಥ್ ಇವತ್ತೂ ಬಂದಿಲ್ವಾ? ಅವರ ಕಾಫಿ ಯಾರಿಗೆ ಕೊಡ್ಲಿ?"

ಉಮ್ ಲೈಥ್, ಲೈಥ್‌ನ ತಾಯಿ. ಆ ಊರುಗಳಲ್ಲಿ ಹೆಂಗಸರನ್ನು ಮಗನ ಹೆಸರಿನಿಂದ ಕರೆದು ಕರೆದು, ಅದರೊಳಗೆ ಒಂದು ಹೆಸರಿದೆ ಎಂಬುದೇ ಯಾರ ಕಿವಿಗೂ ಬೀಳುವುದಿಲ್ಲ.

"ಯಾರದು?"

"ರುದೈನಾ," ಎಂದ ಮಾಲೀಕ. "ವಾರಪತ್ರ ಬರೆಯೋಳು. ಅವಳಿಗೆ ಮಕ್ಕಳಿಲ್ಲ, ಸುಮ್ನೆ ಹಾಗೆ ಕರೀತೀವಿ."

"ದೂರುಗಳಿಗೆ ಉತ್ತರ ಕೊಡೋರು?"

"ಅವಳೇ."

ಇತಾಫ್‌ಳ ಪೆನ್ನು ನಿಂತಿತು. ಅಷ್ಟರಲ್ಲಿ ಮಿಥ್ಕಾಲ್‌ನ ಫೋನ್ ಬಡಿದುಕೊಂಡಿತು. ಇನ್ಶಿರಾಹ್. "ಒಂದೂವರೆಗೇ ಬರಬೇಕಿತ್ತು. ಉಸೈದ್ ಇನ್ನೂ ಬಂದಿಲ್ಲ." ಸಮಯ 1.52.

ಜೀಪು ಸಾಲ್ತ್‌ನತ್ತ ಧಾವಿಸಿತು. ಮಿಥ್ಕಾಲ್‌ಗೂ ಅದೇ ವಯಸ್ಸಿನ ಮಗಳಿದ್ದಳು. ಅವಳು ಮನೆ ಸೇರಿದಳೇ ಎಂದು ಫೋನ್ ಮಾಡಲು ಕೈ ಹೋಯಿತು. ನಾಚಿಕೆಯಾಗಿ ಹಿಂದಕ್ಕೆ ತೆಗೆದ.

2.45. ಶಾಲೆಯ ಗೇಟು.

"ಬಿಟ್ಟಿದ್ದು ನಾನೇ," ಎಂದ ಕಾವಲುಗಾರ. "ಅವನ ಹಾಲು-ತಾಯಿ ಅಂದ್ಲು."

"ಯಾರು ಬಂದು ಏನಂದ್ರೂ ಮಗೂನ ಕೊಟ್ಟುಬಿಡ್ತೀಯೇನಯ್ಯಾ?"

"ಯಾರೋ ಅಲ್ಲ ಸಾಹೇಬ್ರೆ! ಅತ್ತೆ ಅಂದಿದ್ರೆ ಬಿಡ್ತಿರಲಿಲ್ಲ. ಹಾಲು ಕೊಟ್ಟೋಳು ತಾಯಿ ಅಲ್ವಾ? ತಾಯಿಗೆ ಇಲ್ಲ ಅನ್ನೋಕೆ ನಾನ್ಯಾರು?"

ಆ ಗೇಟಿನಲ್ಲಿ ತಾನಿದ್ದರೂ ಬಿಡುತ್ತಿದ್ದೆನೇನೋ ಎಂದು ಮಿಥ್ಕಾಲ್‌ಗೆ ಅನಿಸಿತು.

ಮನೆಯಲ್ಲಿ ಇನ್ಶಿರಾಹ್ ನೆಲದ ಮೇಲೆ ಕುಳಿತಿದ್ದಳು.

"ಈಗಲಾದ್ರೂ ನಿಜ ಹೇಳಮ್ಮ."

"ನನಗೆ ಬಾಣಂತಿ ಜ್ವರ. ಮೈಮೇಲೆ ಎಚ್ಚರ ಇರಲಿಲ್ಲ. ಪಕ್ಕದ ಮಂಚದ ರುದೈನಾಳ ಮಗು ಲೈಥ್ ಎರಡೇ ದಿನ ಬದುಕಿದ್ದ. ನನ್ನ ಮಗನಿಗೆ ನಲವತ್ತು ದಿನ ಹಾಲು ಕೊಟ್ಟಳು." "ಆಮೇಲೆ ನಾನು ಎತ್ತಿಕೊಂಡ್ರೆ ಅಳ್ತಿದ್ದ. ಅವಳು 'ಲೈಥ್' ಅಂದ್ರೆ ತಿರುಗ್ತಿದ್ದ. ಹೆದರಿಕೆ ಆಯ್ತು. ಮನೆ ಬದಲಾಯಿಸಿದ್ವಿ."

"ಮಂಗಳವಾರವೇ ಹೇಳಿದ್ರೆ?"

"ಅವಳಿಗೂ ಹಕ್ಕಿದೆ ಅಂತ ನೀವೇ ಅಂದುಬಿಟ್ರೆ?"

ಬಸ್ ನಿಲ್ದಾಣ ನೋಡಿದ್ದಾಯಿತು, ಆಸ್ಪತ್ರೆ ನೋಡಿದ್ದಾಯಿತು. ಅಮ್ಮಾನ್ ರಸ್ತೆಗೆ ನಾಕಾಬಂದಿ ಹಾಕಿದರು. ಎಲ್ಲೂ ಇಲ್ಲ. ಮಿಥ್ಕಾಲ್‌ನ ಕೈಯಲ್ಲಿ ಉಳಿದದ್ದು ಆ ಒಂದು ಸಾಲು ಮಾತ್ರ: ನಾಲ್ಕಕ್ಕೆ ಬರುತ್ತೇನೆ. ಮಗುವನ್ನು ಒಯ್ದವಳ ಮಾತನ್ನು ನೆಚ್ಚಿ ಅವನು ಮೆಟ್ಟಿಲ ತಿರುವಿನಲ್ಲಿ ಕಾದ. 3.40. 3.51. ಮೇಲಿನ ಕಿಟಕಿಯಿಂದ ಇನ್ಶಿರಾಹ್ ಬೀದಿಯನ್ನೇ ನೋಡುತ್ತಿದ್ದಳು.

3.58ಕ್ಕೆ ಹಸಿರು ಚೀಲ ಕಂಡಿತು. ಅದು ಒಬ್ಬ ಹೆಂಗಸಿನ ಹೆಗಲಲ್ಲಿತ್ತು. ಪಕ್ಕದಲ್ಲಿ ಉಸೈದ್, ತುಟಿಯ ಸುತ್ತ ಕುನಾಫಾ ಸಿಹಿತಿಂಡಿಯ ಸಕ್ಕರೆಪಾಕ. ಮೂರನೇ ಮೆಟ್ಟಿಲಿನ ಹತ್ತಿರ ಅವಳು, "ನೋಡ್ಕೊಂಡು ಕಾಲಿಡು," ಎಂದು ಅವನ ಕೈ ಹಿಡಿದಳು. ಇತಾಫ್ ಹುಡುಗನನ್ನು ಸೆಳೆದುಕೊಂಡು ಮೇಲಕ್ಕೆ ಓಡಿದಳು. ಬಾಗಿಲು ತೆರೆದು, ಮುಚ್ಚಿ, ಅಗುಳಿ ಬಿತ್ತು.

4.02ಕ್ಕೆ ರುದೈನಾ ಶಿಯಾಬ್, ವಯಸ್ಸು 39, ಇವಳನ್ನು ಅಪಹರಣ ಹಾಗೂ ಬೆದರಿಕೆಯ ಆರೋಪದಡಿ ಬಂಧಿಸಲಾಯಿತು. ಅವಳು ಬಿಡಿಸಿಕೊಳ್ಳಲು ನೋಡಲಿಲ್ಲ.

"ಹೆದರಿಸೋಕೆ ಬರೆದ್ಯಾ?" ಎಂದು ಮಿಥ್ಕಾಲ್ ಕೇಳಿದ.

"ಹೆದರಿಸೋದಾ? ಸೆಪ್ಟೆಂಬರಿನಲ್ಲಿ ಅರ್ಜಿಯಲ್ಲಿ ಅವಳ ಹೆಸರು ನೋಡಿದೆ. ಹನ್ನೊಂದು ವರ್ಷ, ಪ್ರತಿ ಹಬ್ಬಕ್ಕೂ ಖರ್ಜೂರದ ಬಿಸ್ಕತ್ತು ಮಾಡಿಟ್ಟು ಬಾಗಿಲು ನೋಡಿದೋಳು ನಾನು. ಲೈಥ್ ಹೇಗಿದ್ದಾನೆ ಅಂತ ಒಂದೇ ಮಾತು ಕೇಳಿದೆ. ನಿಮ್ಮ ಇಮೇಲ್ ಕೆಟ್ಟಿದೆ ಅಂತ ದೂರು ಕಳಿಸಿದಳು." "ದೋಷ ಸರಿಪಡಿಸ್ತೀವಿ ಅಂತ ಉತ್ತರ ಬರೆದೆ. ಅದು ನನ್ನ ಕೆಲಸ."

ಜೀಪು ಹೊರಡುವ ಮೊದಲು ಅವಳು ಮೇಲೆ ನೋಡಿದಳು. ಮಿಥ್ಕಾಲ್ ಹತ್ತಿ ಹೋಗಿ ಬಾಗಿಲು ತಟ್ಟಿದ.

"ಹುಡುಗ ಒಂದ್ನಿಮಿಷ ಕೆಳಗೆ ಬರಬಹುದಾ? ಬಲವಂತ ಇಲ್ಲ."

ಒಳಗಿಂದ ಉಸೈದ್‌ನ ದನಿ ಕೇಳಿಸಿತು. "ಅಮ್ಮಾ, ಅವರು ಯಾರು?"

"ಯಾರೂ ಅಲ್ಲ."

ಅಗುಳಿ ತೆಗೆಯಲಿಲ್ಲ. ಜೀಪು ಹೊರಟಿತು. ವಾರ್ಡಿನಲ್ಲಿ ಕೊಟ್ಟ ಮಾತು ಆ ದಿನವೂ ನಡೆಯಲಿಲ್ಲ, ಮುಂದೆಯೂ ನಡೆಯಲಿಲ್ಲ.